ಲೀವೆನ್‌ಹುಕ್: ಗಾಜಿನ ಮಣಿಯಲ್ಲಿ ಹೊಸ ಲೋಕ ಕಂಡ ಜವಳಿ ವ್ಯಾಪಾರಿ

ಸೂಕ್ಷ್ಮಜೀವಿಗಳ ಜಗತ್ತನ್ನು ಮನುಕುಲಕ್ಕೆ ಪರಿಚಯಿಸಿದವರು ವಿಶ್ವವಿದ್ಯಾಲಯದ ಪಂಡಿತರಲ್ಲ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದ ಜವಳಿ ವ್ಯಾಪಾರಿ ಆಂಟೊನಿ ವಾನ್ ಲೀವೆನ್‌ಹುಕ್ ಆ ಕೀರ್ತಿಗೆ ಪಾತ್ರರು.

1632ರಲ್ಲಿ ಬುಟ್ಟಿ ಹೆಣೆಯುವವರ ಕುಟುಂಬದಲ್ಲಿ ಜನಿಸಿದ ಅವರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಟ್ಟೆ ವ್ಯಾಪಾರ ಕಲಿತು, 1654ರಲ್ಲಿ ಹುಟ್ಟೂರಿಗೆ ಮರಳಿ ಅಂಗಡಿ ತೆರೆದರು. ಬಟ್ಟೆಯ ನೂಲಿನ ಗುಣಮಟ್ಟ ಪರೀಕ್ಷಿಸಲು ಆ ಕಾಲದ ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಲೀವೆನ್‌ಹುಕ್ ಅಷ್ಟಕ್ಕೇ ತೃಪ್ತರಾಗದೆ ತಾವೇ ಮಸೂರ ತಯಾರಿಸತೊಡಗಿದರು.

ಅವರ ಯಶಸ್ಸಿನ ಹಿಂದಿನ ಲೆಕ್ಕ ಸರಳ. ಕಣ್ಣು ವಸ್ತುವನ್ನು ಸ್ಪಷ್ಟವಾಗಿ ಕಾಣುವ ಕನಿಷ್ಠ ದೂರ ಸುಮಾರು 250 ಮಿ.ಮೀ. ಅದನ್ನು ಮಸೂರದ ಸಂಗಮ ದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. 100 ಮಿ.ಮೀ. ಸಂಗಮ ದೂರದ ಭೂತಗನ್ನಡಿ ವಸ್ತುವನ್ನು ಎರಡೂವರೆ ಪಟ್ಟು ಹಿಗ್ಗಿಸುತ್ತದೆ. ಉಟ್ರೆಕ್ಟ್‌ನ ವಸ್ತುಸಂಗ್ರಹಾಲಯದಲ್ಲಿರುವ ಲೀವೆನ್‌ಹುಕ್ ಮಸೂರದ ವರ್ಧನೆ 266 ಪಟ್ಟು. ಅಂದರೆ ಅದರ ಸಂಗಮ ದೂರ ಒಂದು ಮಿ.ಮೀ.ಗಿಂತಲೂ ಕಡಿಮೆ. ಮಸೂರ ಚಿಕ್ಕದಾಗಿ, ದುಂಡಗಾದಷ್ಟೂ ವರ್ಧನೆ ಹೆಚ್ಚು. ಆದರೆ ಕಣ್ಣನ್ನು ಮಸೂರಕ್ಕೆ ಬಹುತೇಕ ತಾಗಿಸಿಯೇ ನೋಡಬೇಕಿತ್ತು.

1673ರಿಂದ ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ಡಚ್ ಭಾಷೆಯಲ್ಲಿ ಪತ್ರ ಬರೆಯಲಾರಂಭಿಸಿದರು. 1676ರಲ್ಲಿ, ಮೆಣಸು ನೆನೆಸಿದ ನೀರಿನಲ್ಲಿ ಅಸಂಖ್ಯ ಪುಟ್ಟ ಜೀವಿಗಳಿವೆ ಎಂದು ತಿಳಿಸಿದಾಗ ವಿದ್ವಾಂಸರು ನಂಬಲಿಲ್ಲ. ಮಸೂರ ತಯಾರಿಕೆಯ ಗುಟ್ಟನ್ನು ಬಿಟ್ಟುಕೊಡಲು ಲೀವೆನ್‌ಹುಕ್ ಒಪ್ಪಲಿಲ್ಲ. ಬದಲಿಗೆ ಊರಿನ ಗಣ್ಯರ ಸಾಕ್ಷ್ಯಪತ್ರಗಳನ್ನು ಕಳುಹಿಸಿದರು. ಕೊನೆಗೆ 1677ರ ನವೆಂಬರ್‌ನಲ್ಲಿ ರಾಬರ್ಟ್ ಹುಕ್ ಸೊಸೈಟಿಯ ಸದಸ್ಯರ ಮುಂದೆಯೇ ಆ ಜೀವಿಗಳನ್ನು ತೋರಿಸಿದ ಬಳಿಕ ಸಂಶಯ ನಿವಾರಣೆಯಾಯಿತು. 1680ರಲ್ಲಿ ಸೊಸೈಟಿಯು ಜವಳಿ ವ್ಯಾಪಾರಿಯನ್ನು ಸದಸ್ಯರನ್ನಾಗಿ ಆಯ್ಕೆ ಮಾಡಿತು. ರಷ್ಯಾದ ದೊರೆ ಪೀಟರ್ ಕೂಡ ಅವರನ್ನು ಭೇಟಿಯಾಗಿ ಸೂಕ್ಷ್ಮದರ್ಶಕ ವೀಕ್ಷಿಸಿದ್ದರು.

1723ರಲ್ಲಿ, 90ನೇ ವಯಸ್ಸಿನಲ್ಲಿ ಲೀವೆನ್‌ಹುಕ್ ನಿಧನರಾದರು. ಸೊಸೈಟಿಗೆ ಅವರು ಬಿಟ್ಟುಹೋದ 26 ಬೆಳ್ಳಿಯ ಸೂಕ್ಷ್ಮದರ್ಶಕಗಳು ನಂತರ ಕಳೆದುಹೋದವು. ಗುಟ್ಟು ಮಾತ್ರ ಸುಮಾರು ಮೂರು ಶತಮಾನ ಉಳಿಯಿತು.

2021ರಲ್ಲಿ ಸಂಶೋಧಕರು ಉಟ್ರೆಕ್ಟ್‌ನ ಸೂಕ್ಷ್ಮದರ್ಶಕವನ್ನು ಬಿಚ್ಚದೆಯೇ, ನ್ಯೂಟ್ರಾನ್ ಕಿರಣಗಳಿಂದ ಪರೀಕ್ಷಿಸಿದರು. ಒಳಗಿದ್ದದ್ದು ಗಾಜಿನ ಪುಟ್ಟ ಗೋಳ. ತೆಳುವಾದ ಗಾಜಿನ ಎಳೆಯನ್ನು ಕರಗಿಸಿ ಅದನ್ನು ತಯಾರಿಸಿರಬೇಕೆಂದು ಅವರು ನಿರ್ಣಯಿಸಿದರು. ಈ ವಿಧಾನವನ್ನು ಅಂದೇ ಬರೆದು ಪ್ರಕಟಿಸಿದ್ದವರು ಮತ್ತಾರೂ ಅಲ್ಲ, ಲೀವೆನ್‌ಹುಕ್ ಮಾತು ನಿಜವೆಂದು ಸಾಬೀತುಪಡಿಸಿದ ರಾಬರ್ಟ್ ಹುಕ್.