ಅಖಾಡದ ಮಟ್ಟಿಗಿಳಿದ ಅರಸ: ಕೊಲ್ಹಾಪುರದ ಶಾಹು ಮಹಾರಾಜ

ಭಾರತದ ಸಂಸ್ಥಾನಿಕರು ಆಟೋಟಗಳಿಗೆ ಆಶ್ರಯ ನೀಡಿದ್ದು ಹೊಸ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕ್ರಿಕೆಟ್, ಪೋಲೊ, ಟೆನಿಸ್‌ಗಳು ರಾಜಪುತ್ರರ ಆಟಗಳೆನಿಸಿಕೊಂಡಿದ್ದವು. ಬ್ರಿಟಿಷ್ ಅಧಿಕಾರಿಗಳೊಡನೆ ಸರಿಸಮನಾಗಿ ನಿಲ್ಲಲು ಅವು ಮೆಟ್ಟಿಲುಗಳೂ ಆಗಿದ್ದವು. ಕುಸ್ತಿಯ ಮಾತು ಬೇರೆ. ಅದು ರೈತನ ಮಗನ, ಹಮಾಲಿಯ, ಸಿಪಾಯಿಯ, ಊರ ಗರಡಿಯಲ್ಲಿ ಬೆವರು ಹರಿಸುವ ತರುಣನ ಆಟ. ಅರಮನೆಗಳು ಜಟ್ಟಿಗಳನ್ನು ಸಾಕುತ್ತಿದ್ದವು, ಹಬ್ಬದ ದಿನ ಕಾಳಗ ಏರ್ಪಡಿಸುತ್ತಿದ್ದವು. ಮೈಸೂರಿನ ದಸರೆಯ ವಜ್ರಮುಷ್ಟಿ ಕಾಳಗ ಕನ್ನಡಿಗರಿಗೆ ಚಿರಪರಿಚಿತ. ಆದರೆ ಸಿಂಹಾಸನದಲ್ಲಿ ಕುಳಿತು ಕುಸ್ತಿ ನೋಡುವುದಕ್ಕೂ ಪೈಲ್ವಾನರ ನಡುವೆ ತಾನೂ ಒಬ್ಬನಾಗಿ ಬೆರೆಯುವುದಕ್ಕೂ ಬಹಳ ಅಂತರವುಂಟು. ಆ ಅಂತರವನ್ನು ದಾಟಿದ ಅರಸರಲ್ಲಿ ಕೊಲ್ಹಾಪುರದ ಛತ್ರಪತಿ ಶಾಹು ಮಹಾರಾಜರು ಪ್ರಮುಖರು. ಅದನ್ನು ಜನರು ಕಂಡ ಬಗೆ ಮಾತ್ರ ಒಂದೇ ತೆರನಾಗಿರಲಿಲ್ಲ.

ಶಾಹು ಹುಟ್ಟಿದ್ದು 1874ರ ಜೂನ್ 26ರಂದು, ಕಾಗಲ್ ಜಹಗೀರಿನ ಘಾಟಗೆ ಮನೆತನದಲ್ಲಿ. ಬಾಲ್ಯದ ಹೆಸರು ಯಶವಂತರಾವ್. ತಂದೆ ಜಯಸಿಂಗರಾವ್ ಕಾಗಲ್‌ನ ಮುಖ್ಯಸ್ಥರು. ತಾಯಿ ರಾಧಾಬಾಯಿ ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿರುವ ಮುಧೋಳ ಸಂಸ್ಥಾನದ ರಾಜಪುತ್ರಿ. ಮೂರರ ಎಳೆಯ ವಯಸ್ಸಿನಲ್ಲಿಯೇ ಬಾಲಕ ತಾಯಿಯನ್ನು ಕಳೆದುಕೊಂಡ. 1884ರಲ್ಲಿ ಕೊಲ್ಹಾಪುರದ ರಾಣಿ ಆನಂದಿಬಾಯಿಯವರು ಅವನನ್ನು ದತ್ತು ಸ್ವೀಕರಿಸಿದರು. ಹತ್ತು ವರ್ಷದ ಹುಡುಗ ಶಿವಾಜಿ ಮಹಾರಾಜರ ವಂಶದ ಗಾದಿಗೆ ಉತ್ತರಾಧಿಕಾರಿಯಾದ.

ಮುಂದೆ ವಿದ್ಯಾಭ್ಯಾಸಕ್ಕೆಂದು ರಾಜಕೋಟೆಯ ರಾಜಕುಮಾರ ಕಾಲೇಜಿಗೆ ಕಳುಹಿಸಲಾಯಿತು. ರಾಜಮನೆತನದ ಮಕ್ಕಳನ್ನು ಇಂಗ್ಲಿಷ್ ಸಜ್ಜನಿಕೆಯ ಅಚ್ಚಿನಲ್ಲಿ ಎರಕಹೊಯ್ಯಲೆಂದೇ ಕಟ್ಟಿದ ಶಾಲೆ ಅದು. ಅದೇ ಶಾಲೆಯಲ್ಲಿ ಓದಿದ ಇನ್ನೊಬ್ಬ ವಿದ್ಯಾರ್ಥಿ ನವಾನಗರದ ರಣಜಿತ್‌ಸಿಂಹಜಿ. ರಣಜಿ 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು; 1896ರಲ್ಲಿ ಇಂಗ್ಲೆಂಡ್ ತಂಡದ ಪರವಾಗಿ ಮೊದಲ ಟೆಸ್ಟ್ ಆಡಿ, ಔಟಾಗದೆ 154 ರನ್ ಗಳಿಸಿ ಜಗದ್ವಿಖ್ಯಾತರಾದರು. ಒಂದೇ ಶಾಲೆಯಿಂದ ಹೊರಬಂದ ಇಬ್ಬರು ರಾಜಪುತ್ರರಲ್ಲಿ ಒಬ್ಬರು ಆಳುವವರ ಆಟದಿಂದ ಕೀರ್ತಿ ಪಡೆದರು. ಮತ್ತೊಬ್ಬರ ಮನಸ್ಸು ಆಳಿಸಿಕೊಳ್ಳುವವರ ಆಟದ ಕಡೆಗೆ ಒಲಿಯಿತು. ಮೊದಲನೆಯವರ ಸಾಧನೆಯನ್ನು ಲಂಡನ್ನಿನ ಪತ್ರಿಕೆಗಳು ಕೊಂಡಾಡಿದವು. ಎರಡನೆಯವರನ್ನು ಕೊಂಡಾಡಿದವರಲ್ಲಿ ಬಹುಮಂದಿಗೆ ಅಕ್ಷರವೇ ತಿಳಿದಿರಲಿಲ್ಲ.

ರಾಜಕೋಟೆಯ ನಂತರ ಶಾಹು ಅವರ ಶಿಕ್ಷಣ ಮುಂದುವರಿದದ್ದು ಧಾರವಾಡದಲ್ಲಿ. ಅಲ್ಲಿ ಅವರಿಗೆ ಗುರುವಾಗಿದ್ದವರು ಐಸಿಎಸ್ ಅಧಿಕಾರಿ ಸ್ಟುವರ್ಟ್ ಫ್ರೇಜರ್. ಇತಿಹಾಸ, ಇಂಗ್ಲಿಷ್, ಆಡಳಿತ ಪದ್ಧತಿಗಳನ್ನು ಈ ಗುರುವೇ ಕಲಿಸಿದರು. ಇದೇ ಫ್ರೇಜರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಶಿಕ್ಷಕರಾದರು; ಬೆಂಗಳೂರಿನ ಫ್ರೇಜರ್ ಟೌನ್ ಅವರ ಹೆಸರನ್ನೇ ಹೊತ್ತಿದೆ. 1894ರ ಏಪ್ರಿಲ್ 2ರಂದು, ಇನ್ನೂ ಇಪ್ಪತ್ತು ತುಂಬದ ಶಾಹು ಅಧಿಕಾರದ ಸೂತ್ರ ಹಿಡಿದರು. ಇಂದು ಬೆಳಗಾವಿ ಜಿಲ್ಲೆಗೆ ಸೇರಿರುವ ಕನ್ನಡದ ರಾಯಬಾಗ ಸೀಮೆಯೂ ಅಂದು ಅವರ ಸಂಸ್ಥಾನದ ಭಾಗವಾಗಿತ್ತು.

ಎತ್ತರದ ನಿಲುವು, ಭಾರಿ ಮೈಕಟ್ಟಿನ ಈ ಅರಸನಿಗೆ ಕುಸ್ತಿ ಬರಿಯ ವಿನೋದವಾಗಿರಲಿಲ್ಲ. ಯೌವನದಲ್ಲಿ ಸ್ವತಃ ಸಾಮು ಮಾಡಿ ಪಟ್ಟುಗಳನ್ನು ಕಲಿತವರು ಅವರು. ಕೊಲ್ಹಾಪುರದಲ್ಲಿ ಗರಡಿಗೆ ತಾಲೀಮು ಎನ್ನುತ್ತಾರೆ. ಬೆಳಗಿನ ಜಾವ ದಂಡ, ಬಸ್ಕಿ, ಗದೆ ತಿರುಗಿಸುವುದು. ಬಳಿಕ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಮಾಡಿದ ಕೆಂಪು ಮಟ್ಟಿಯಲ್ಲಿ ಜೋಡಿ ಹಿಡಿಯುವುದು. ಆಮೇಲೆ ಹಾಲು, ಬಾದಾಮಿ, ತುಪ್ಪದ ಆಹಾರ. ಈ ಕೊನೆಯದೇ ಬಡವನಿಗೆ ನಿಲುಕದ ಸಂಗತಿ. ಮೈಬಲವಿದ್ದರೂ ಖುರಾಕಿಗೆ ಹಣವಿಲ್ಲದೆ ಎಷ್ಟೋ ತರುಣರು ಕೃಷಿಕೂಲಿಗೆ ಮರಳುತ್ತಿದ್ದರು. ಶಾಹು ದರ್ಬಾರಿನ ಖರ್ಚಿನಲ್ಲಿ ಪೈಲ್ವಾನರನ್ನು ಪೋಷಿಸಿದರು, ತಾಲೀಮುಗಳಿಗೆ ನೆರವಾದರು. ಪಂಜಾಬಿನವರೆಗಿನ ಹೆಸರಾಂತ ಮಲ್ಲರು ಕೊಲ್ಹಾಪುರಕ್ಕೆ ಬಂದರು. ಅವರ ವರಸೆಗಳನ್ನು ಸ್ಥಳೀಯ ಹುಡುಗರು ಕಲಿತರು.

ಇದೆಲ್ಲವೂ ಎಲ್ಲರಿಗೂ ಹಿಡಿಸಿತೆನ್ನಲಾಗದು. ಕುಸ್ತಿಯೆಂದರೆ ಓದುಬರಹವಿಲ್ಲದವರ ಹವ್ಯಾಸ, ಅದರ ಸಹವಾಸ ಅರಸನ ಘನತೆಗೆ ತಕ್ಕುದಲ್ಲ ಎಂಬ ಭಾವನೆ ಆ ಕಾಲದ ಸುಶಿಕ್ಷಿತ ವಲಯಗಳಲ್ಲಿ ಸಾಮಾನ್ಯವಾಗಿತ್ತು. ಇಂಗ್ಲಿಷ್ ಕಲಿತ ರಾಜ ಗ್ರಂಥಾಲಯ, ಸಭೆಗಳಲ್ಲಿ ಕಾಣಿಸಿಕೊಳ್ಳಬೇಕೇ ಹೊರತು ಲಂಗೋಟಿ ಬಿಗಿದವರ ನಡುವೆ ಅಲ್ಲ ಎಂಬ ನಿರೀಕ್ಷೆಯೂ ಇದ್ದಿತು. ಹಾಗೆಂದು ವ್ಯಾಯಾಮವನ್ನೇ ವಿದ್ಯಾವಂತರು ತಿರಸ್ಕರಿಸಿದ್ದರೆಂದಲ್ಲ. ಶಾಹು ಅವರ ಪ್ರಬಲ ಟೀಕಾಕಾರರಾದ ಬಾಲ ಗಂಗಾಧರ ತಿಲಕರೇ ಕಾಲೇಜಿನ ದಿನಗಳಲ್ಲಿ ಒಂದು ವರ್ಷವನ್ನು ದೇಹದಾರ್ಢ್ಯಕ್ಕೆ ಮೀಸಲಿಟ್ಟಿದ್ದರು. ದೇಹ ಬೆಳೆಸುವುದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಯಾರ ಜೊತೆಗೆ, ಯಾರ ಮೈಮುಟ್ಟಿ ಎಂಬಲ್ಲಿಯೇ ಮುಜುಗರ ಹುಟ್ಟುತ್ತಿತ್ತು.

ಆ ಮುಜುಗರದ ಬೇರು ಬಹಿರಂಗವಾಗಿ ಗೋಚರಿಸಿದ್ದು ಅಖಾಡದಲ್ಲಲ್ಲ, ಪಂಚಗಂಗಾ ನದಿಯ ತೀರದಲ್ಲಿ. 1899ರಲ್ಲಿ ಕಾರ್ತೀಕ ಸ್ನಾನದ ವೇಳೆ ಅರಮನೆಯ ಪುರೋಹಿತರು ವೇದಮಂತ್ರಗಳ ಬದಲು ಪುರಾಣೋಕ್ತ ಮಂತ್ರಗಳನ್ನು ಪಠಿಸುತ್ತಿರುವುದು ಅರಸರ ಗಮನಕ್ಕೆ ಬಂದಿತು. ಮಹಾರಾಜರನ್ನು ಶೂದ್ರರೆಂದು ಪರಿಗಣಿಸಿದ್ದೇ ಇದಕ್ಕೆ ಕಾರಣವೆಂದು ತಿಳಿದಾಗ ವೇದೋಕ್ತ ಪ್ರಕರಣ ಭುಗಿಲೆದ್ದಿತು. ಪುಣೆಯ ಪತ್ರಿಕೆಗಳಲ್ಲಿ ವಾದವಿವಾದ ನಡೆಯಿತು. ತಿಲಕರ ಕೇಸರಿ ಪುರೋಹಿತರ ಪರವಾಗಿ ನಿಂತಿತು. ಮುದ್ರಿತ ಪುಟಗಳಲ್ಲಿ ಶಾಹು ಬಿರುಸಿನ ಟೀಕೆಗೆ ಗುರಿಯಾದರು. ಅವರನ್ನು ಮೆಚ್ಚುತ್ತಿದ್ದ ರೈತರಿಗೆ, ಕುಶಲಕರ್ಮಿಗಳಿಗೆ ಆ ಹೊತ್ತಿನಲ್ಲಿ ಅಂಥ ಬಲವಾದ ಪತ್ರಿಕೆಯಿರಲಿಲ್ಲ. ಅವರ ಅಭಿಪ್ರಾಯ ತಿಳಿಯಬೇಕಾದರೆ ಜಾತ್ರೆಗೋ ಕುಸ್ತಿ ಕಣಕ್ಕೋ ಹೋಗಬೇಕಿತ್ತು. ಆ ಕಾಲದ ಲೋಕಾಭಿಪ್ರಾಯವನ್ನು ಪತ್ರಿಕೆಗಳಿಂದಷ್ಟೇ ಅಳೆಯುವವರು ಈ ಅಂಶವನ್ನು ಮರೆಯಬಾರದು.

1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ಶಾಹು ಇಂಗ್ಲೆಂಡಿಗೆ ತೆರಳಿದರು. ಕೇಂಬ್ರಿಜ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅವರು ವಿದೇಶದಲ್ಲಿದ್ದಾಗಲೇ, ಜುಲೈ 26ರಂದು, ಸಂಸ್ಥಾನದ ಆಡಳಿತದಲ್ಲಿ ತೆರವಾಗುವ ಹುದ್ದೆಗಳಲ್ಲಿ ಶೇ 50ರಷ್ಟನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಡುವ ಆಜ್ಞೆ ಹೊರಬಿದ್ದಿತು. 1894ರಲ್ಲಿ ಸಾಮಾನ್ಯ ಆಡಳಿತದ 71 ಹುದ್ದೆಗಳ ಪೈಕಿ 60ರಲ್ಲಿ ಬ್ರಾಹ್ಮಣರೇ ಇದ್ದರೆಂಬ ಲೆಕ್ಕವನ್ನು ನೆನೆದರೆ ಆ ಆಜ್ಞೆಯ ತೂಕ ತಿಳಿಯುತ್ತದೆ. ಅದೇ ಪ್ರವಾಸದಲ್ಲಿ ರೋಮ್ ನಗರದ ಪುರಾತನ ಕಲೋಸಿಯಂ ಕಂಡು ತಮ್ಮೂರಿನಲ್ಲಿಯೂ ಅಂಥದೊಂದು ಕಣ ಕಟ್ಟಿಸುವ ಯೋಚನೆ ಅವರಿಗೆ ಬಂದಿತೆಂದು ಹೇಳಲಾಗುತ್ತದೆ.

ಆ ಯೋಚನೆಯ ಫಲವೇ ಖಾಸಬಾಗ ಕುಸ್ತಿ ಮೈದಾನ. 1907ರಲ್ಲಿ ಆರಂಭವಾದ ಕೆಲಸ 1912ರಲ್ಲಿ ಮುಗಿಯಿತು. ವೃತ್ತಾಕಾರದ ಕಣದ ನಡುವೆ ಮಟ್ಟಿಯ ಅಖಾಡ. ಸುತ್ತಲೂ ಮೇಲಕ್ಕೇರುತ್ತ ಹೋಗುವ ಇಳಿಜಾರು. ದೃಷ್ಟಿಗೆ ಅಡ್ಡಬರುವ ಕಂಬವೊಂದೂ ಇಲ್ಲ. ಕೊನೆಯ ಸಾಲಿನಲ್ಲಿ ಕುಳಿತ ಬಡ ರೈತನಿಗೂ ಪೈಲ್ವಾನನ ಒಂದೊಂದು ಪಟ್ಟು ಸ್ಪಷ್ಟವಾಗಿ ಕಾಣಬೇಕು ಎಂಬ ಲೆಕ್ಕಾಚಾರ ಆ ರಚನೆಯಲ್ಲಿಯೇ ಅಡಗಿದೆ. 1912ರಲ್ಲಿ ಇಲ್ಲಿ ಮಹಾಮಲ್ಲ ಗಾಮಾನ ತಮ್ಮ ಇಮಾಮ್ ಬಕ್ಷ್ ಹಾಗೂ ಗುಲಾಂ ಮೊಹಿಯುದ್ದೀನ್ ನಡುವೆ ನಡೆದ ಕಾಳಗದಲ್ಲಿ ಇಮಾಮ್ ಬಕ್ಷ್ ಗೆದ್ದದ್ದು ಕುಸ್ತಿಪ್ರಿಯರ ನೆನಪಿನಲ್ಲಿ ಉಳಿದಿದೆ. ಇದಕ್ಕೆ ಎರಡು ವರ್ಷ ಮುಂಚೆಯಷ್ಟೇ ಈ ಸಹೋದರರು ಲಂಡನ್ನಿನಲ್ಲಿ ಯುರೋಪಿನ ಮಲ್ಲರನ್ನು ಎದುರಿಸಿ ಬಂದಿದ್ದರು. ಮೈದಾನದ ಮಗ್ಗುಲಿನಲ್ಲಿಯೇ ಮರಾಠಿ ರಂಗಭೂಮಿಗಾಗಿ ನಾಟಕಗೃಹವೂ ತಲೆಯೆತ್ತಿತು.

ಕುಸ್ತಿಗೆ ಇನ್ನೊಂದು ಗುಣವಿದೆ. ಮುಟ್ಟದೆ ಕುಸ್ತಿ ಹಿಡಿಯಲಾಗದು. ಎದುರಾಳಿಯ ಬೆವರು ತನ್ನ ಮೈಗೆ, ತನ್ನದು ಅವನ ಮೈಗೆ ತಾಗಲೇಬೇಕು. ಅಸ್ಪೃಶ್ಯತೆಯೇ ಧರ್ಮವೆನಿಸಿದ್ದ ಕಾಲದಲ್ಲಿ ದಲಿತ ತರುಣರಿಗೂ ಕುಸ್ತಿಯಲ್ಲಿ ಪ್ರೋತ್ಸಾಹ ನೀಡಿದ್ದು ಸಾಮಾನ್ಯ ಸಂಗತಿಯಲ್ಲ. ಅಖಾಡದ ಈ ನಿಯಮವನ್ನು ಶಾಹು ಊರ ಬೀದಿಗೂ ತಂದರು. ಅರಮನೆಯ ಲಾಯದಲ್ಲಿ ಕೆಲಸಕ್ಕಿದ್ದ ಗಂಗಾರಾಮ್ ಕಾಂಬಳೆ ಎಂಬ ದಲಿತ ನೌಕರ ಸವರ್ಣೀಯರ ನೀರಿನ ತೊಟ್ಟಿ ಮುಟ್ಟಿದ್ದಕ್ಕಾಗಿ ಪೆಟ್ಟು ತಿಂದಾಗ, ಆತನಿಗೆ ಚಹಾದ ಅಂಗಡಿ ತೆರೆಯಲು ನೆರವಾದರು. ಅಂಗಡಿಗೆ ಗಿರಾಕಿಗಳು ಬಾರದಿದ್ದಾಗ ಮಹಾರಾಜರೇ ತಮ್ಮ ಗಾಡಿಯನ್ನು ಅದರ ಮುಂದೆ ನಿಲ್ಲಿಸಿ ಚಹಾ ಕುಡಿದರು. ಜೊತೆಗಿದ್ದ ಮೇಲ್ಜಾತಿಯ ಅಧಿಕಾರಿಗಳಿಗೂ ಅದನ್ನೇ ಕುಡಿಸಿದರು. 1919ರಲ್ಲಿ ಬಾವಿ, ಶಾಲೆ, ಆಸ್ಪತ್ರೆ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ಆಜ್ಞೆಗಳ ಮೂಲಕ ನಿಷೇಧಿಸಿದರು. ದಲಿತ ಮಕ್ಕಳಿಗಿದ್ದ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ ಎಲ್ಲರೂ ಒಂದೇ ಸೂರಿನಡಿ ಕಲಿಯುವಂತೆ ಮಾಡಿದರು.

ಟೀಕೆಗಳೆಲ್ಲ ಜಾತಿಯ ಅಸಹನೆಯಿಂದಲೇ ಬಂದವೆಂದು ತಳ್ಳಿಹಾಕುವುದು ನ್ಯಾಯವಾಗದು. ಚೀತಾಗಳನ್ನು ಪಳಗಿಸಿ ಆಡುತ್ತಿದ್ದ ಬೇಟೆಯಾಗಲಿ, ಮದವೇರಿದ ಆನೆಗಳನ್ನು ಕೆಣಕುವ ಸಾಟಮಾರಿಯಾಗಲಿ ಇಂದಿನ ದೃಷ್ಟಿಗೆ ಕ್ರೂರವಾಗಿಯೇ ತೋರುತ್ತವೆ. 1918ರಲ್ಲಿ ಕಿರಿಯ ಪುತ್ರ ಶಿವಾಜಿ ಹಂದಿಯ ಬೇಟೆಯ ಅವಘಡದಲ್ಲಿಯೇ ತೀರಿಕೊಂಡ. ಪೈಲ್ವಾನರಿಗೆ ಸಂದ ಹಾಲು, ಬಾದಾಮಿಗಳ ಹಣ ಕೊನೆಗೂ ರೈತರ ಕಂದಾಯದಿಂದಲೇ ಬಂದದ್ದು. ಅರಸನ ಕೃಪೆಯನ್ನೇ ನಂಬಿದ ಕಲೆಗೆ ಅರಸೊತ್ತಿಗೆ ಅಳಿದಾಗ ಆಸರೆ ತಪ್ಪುವ ಅಪಾಯವೂ ಇತ್ತು. ಇವು ಕೇಳಬೇಕಾದ ಪ್ರಶ್ನೆಗಳೇ. ಆದರೆ ಅದೇ ಖಜಾನೆಯಿಂದ 1901ರಿಂದೀಚೆಗೆ ಮರಾಠ, ಜೈನ, ಲಿಂಗಾಯತ, ಮುಸ್ಲಿಂ, ದಲಿತ ವಿದ್ಯಾರ್ಥಿಗಳಿಗೆ ವಸತಿನಿಲಯಗಳು ಒಂದೊಂದಾಗಿ ರೂಪುಗೊಂಡವು. ರಾಧಾನಗರಿ ಅಣೆಕಟ್ಟೆಯ ಕೆಲಸ ಶುರುವಾಯಿತು. ಪ್ರಾಥಮಿಕ ಶಿಕ್ಷಣ ಕಡ್ಡಾಯವೂ ಉಚಿತವೂ ಆಯಿತು. ಕುಸ್ತಿಗಾಗಿ ಶಾಲೆಯನ್ನು ಮರೆತ ದೊರೆ ಅವರೆನ್ನಲು ಆಧಾರವಿಲ್ಲ.

ಕಾಲ ಕಳೆದಂತೆ ಲೋಕಾಭಿಪ್ರಾಯದ ತಕ್ಕಡಿ ವಾಲಿತು. 1919ರಲ್ಲಿ ಕಾನ್ಪುರದ ಕುರ್ಮಿ ಸಮಾಜ ಅವರಿಗೆ ರಾಜರ್ಷಿ ಎಂಬ ಬಿರುದನ್ನಿತ್ತಿತು. 1920ರ ಮಾರ್ಚ್‌ನಲ್ಲಿ ಮಾಣಗಾಂವ್‌ನಲ್ಲಿ ಜರುಗಿದ ದಲಿತರ ಪರಿಷತ್ತಿನಲ್ಲಿ ಯುವಕ ಭೀಮರಾವ್ ಅಂಬೇಡ್ಕರ್ ಅವರನ್ನು ಆ ಜನರ ನಾಯಕನೆಂದು ಸಾರಿದರು. ಅಂಬೇಡ್ಕರ್ ಅವರ ಮೂಕನಾಯಕ ಪತ್ರಿಕೆಗೂ ಅವರ ನೆರವು ಸಂದಿತ್ತು. ಪತ್ರಿಕೆಯೇ ಇಲ್ಲದವರಿಗೆ ಈಗ ಪತ್ರಿಕೆಯೊಂದು ದೊರೆತಿತ್ತು. 1922ರ ಮೇ 6ರಂದು ಮುಂಬಯಿಯಲ್ಲಿ ಶಾಹು ನಿಧನರಾದಾಗ ಅವರಿಗೆ ಇನ್ನೂ 48 ತುಂಬಿರಲಿಲ್ಲ.

1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಆಶ್ರಯದಾತ ಗಾದಿ ಹೋದರೂ ಕುಸ್ತಿಯ ಪರಂಪರೆ ಉಳಿಯಿತು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ತೆರಳಲು ಇದೇ ಅರಸುಮನೆತನ ಧನಸಹಾಯ ಮಾಡಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಅವರು ಗೆದ್ದ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಜನಿಸಿ ಕೊಲ್ಹಾಪುರದ ತಾಲೀಮಿನಲ್ಲಿ ಪಳಗಿದ ಶ್ರೀಪತಿ ಖಂಚನಾಳೆ 1959ರಲ್ಲಿ ಮೊತ್ತಮೊದಲ ಹಿಂದ್ ಕೇಸರಿಯಾದರು. ಗಡಿಭಾಗದ ಕನ್ನಡ ಹಳ್ಳಿಗಳ ತರುಣರು ಕುಸ್ತಿ ಕಲಿಯಲು ಕೊಲ್ಹಾಪುರದ ದಾರಿ ಹಿಡಿಯುವ ರೂಢಿ ಇಂದಿಗೂ ಇದೆ.

ಶ್ರಮಜೀವಿಗಳ ಆಟವನ್ನು ಅರಸ ಮೆಚ್ಚಿದಾಗ ಅದು ನಿಜವಾದ ಪ್ರೀತಿಯೋ ಜನಪ್ರಿಯತೆಯ ತಂತ್ರವೋ ಎಂಬ ಸಂಶಯ ಎಲ್ಲ ದೇಶಗಳಲ್ಲಿಯೂ ಏಳುತ್ತದೆ. ಅದಕ್ಕೆ ಉತ್ತರ ಕಣದೊಳಗೆ ಸಿಗದು. ಆಟ ಮುಗಿದು ಮಟ್ಟಿ ಕೊಡವಿಕೊಂಡ ಮೇಲೆ ಆ ಜನರೊಡನೆ ಅರಸ ಹೇಗೆ ನಡೆದುಕೊಂಡ ಎಂಬುದನ್ನು ನೋಡಬೇಕಾಗುತ್ತದೆ. ಈ ಪರೀಕ್ಷೆಯಲ್ಲಿ ಶಾಹು ಮಹಾರಾಜರು ಗೆದ್ದರೆಂದೇ ಕೊಲ್ಹಾಪುರದ ಜನ ತೀರ್ಮಾನಿಸಿದಂತಿದೆ. ಮಹಾರಾಷ್ಟ್ರದಲ್ಲಿ ಅವರ ಜನ್ಮದಿನವಾದ ಜೂನ್ 26ನ್ನು ಸಾಮಾಜಿಕ ನ್ಯಾಯದ ದಿನವೆಂದು ಆಚರಿಸಲಾಗುತ್ತದೆ.