ಹಶಿಮೊಟೊ ಎಂಬ ಊರ ಡಾಕ್ಟರು

ಮೇ 25 ವಿಶ್ವ ಥೈರಾಯ್ಡ್ ದಿನ. ಸೇಲಂ, ಧರ್ಮಪುರಿ ಕಡೆಯ ನಮ್ಮ ಮನೆಗಳಲ್ಲಿ ಬೆಳಗ್ಗೆ ಕಾಫಿಗೆ ಮೊದಲು ಬರಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವ ಅಕ್ಕತಂಗಿಯರು, ಅಮ್ಮಂದಿರು ಅನೇಕರಿದ್ದಾರೆ. ಅವರಲ್ಲಿ ಕೆಲವರ ಚೀಟಿಯಲ್ಲಿ ಡಾಕ್ಟರು ಹಶಿಮೊಟೊ ಎಂದು ಬರೆದಿರುತ್ತಾರೆ. ಅದನ್ನು ಮಾತ್ರೆಯ ಹೆಸರು ಎಂದುಕೊಂಡವರೂ ಉಂಟು. ಅದು ಒಬ್ಬ ವೈದ್ಯರ ಹೆಸರು. ಈ ಸಲದ ವ್ಯಕ್ತಿ ಪರಿಚಯಕ್ಕೆ ಅವರನ್ನೇ ಆರಿಸಿಕೊಂಡಿದ್ದೇವೆ.

ಹಕಾರು ಹಶಿಮೊಟೊ ಹುಟ್ಟಿದ್ದು 1881ರ ಮೇ 5ರಂದು, ಜಪಾನಿನ ಮಿಯೆ ಪ್ರಾಂತ್ಯದ ಹಳ್ಳಿಯೊಂದರಲ್ಲಿ, ವೈದ್ಯರ ಮನೆತನದಲ್ಲಿ. ಫುಕುವೊಕಾದ ವೈದ್ಯಕೀಯ ಕಾಲೇಜು ಆಗಿನ್ನೂ ಹೊಸದು. 1907ರಲ್ಲಿ ಅಲ್ಲಿ ಓದು ಮುಗಿಸಿದ ಮೊದಲ ತಂಡದಲ್ಲಿ ಅವರಿದ್ದರು. ಮುಂದೆ ಅಲ್ಲಿಯೇ ಪ್ರೊಫೆಸರ್ ಹಯಾರಿ ಮಿಯಾಕೆ ಅವರ ಶಸ್ತ್ರಚಿಕಿತ್ಸಾ ವಿಭಾಗ ಸೇರಿದರು.

ಕುತ್ತಿಗೆ ಊದಿಕೊಂಡಿದ್ದ ನಾಲ್ವರು ಹೆಂಗಸರಿಗೆ ಅಲ್ಲಿ ಆಪರೇಷನ್ ಆಗಿತ್ತು. ಎಲ್ಲರೂ 40 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರು. ತೆಗೆದ ಗ್ರಂಥಿಯ ಚೂರುಗಳನ್ನು ಹಶಿಮೊಟೊ ಮೈಕ್ರೋಸ್ಕೋಪಿನಲ್ಲಿ ಕೂತು ನೋಡಿದರು. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಗ್ರಂಥಿಯೊಳಗೆ ಗುಂಪುಗುಂಪಾಗಿ ತುಂಬಿಕೊಂಡಿದ್ದವು. ಅದುವರೆಗೆ ತಿಳಿದಿದ್ದ ಯಾವ ಥೈರಾಯ್ಡ್ ಬೇನೆಗೂ ಇದು ಹೊಂದುತ್ತಿರಲಿಲ್ಲ. ಇದು ಬೇರೆಯೇ ರೋಗ ಎಂದು 1912ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಚಿತ್ರ ಸಮೇತ ದೀರ್ಘ ಲೇಖನ ಬರೆದರು.

ಆಮೇಲೆ ಜರ್ಮನಿಯ ಗೊಟಿಂಗೆನ್‌ನಲ್ಲಿ ಹೆಚ್ಚಿನ ಓದು. ಮೊದಲ ಮಹಾಯುದ್ಧ ಶುರುವಾಗಿ ಅದು ಅರ್ಧಕ್ಕೇ ನಿಂತಿತು. ಊರಿಗೆ ಮರಳಿ, ಮನೆತನದ ಕಸುಬನ್ನೇ ಹಿಡಿದು, ಸುತ್ತಮುತ್ತಲಿನವರಿಗೆ ಡಾಕ್ಟರಾಗಿ ಉಳಿದರು. ರೋಗಿಗಳ ಮನೆಗೆ ರಿಕ್ಷಾದಲ್ಲಿ ಹೋಗಿಬರುತ್ತಿದ್ದರು. 1934ರ ಜನವರಿ 9ರಂದು ಟೈಫಾಯ್ಡ್‌ನಿಂದ ತೀರಿಕೊಂಡಾಗ ಅವರಿಗೆ 52 ವರ್ಷ.

ಅವರ ಲೇಖನವನ್ನು ಪಶ್ಚಿಮದ ವೈದ್ಯರು ಬಹುಕಾಲ ಲೆಕ್ಕಕ್ಕೆ ಇಡಲಿಲ್ಲ. ಇದು ರೀಡೆಲ್ ಎಂಬವರು ಮೊದಲೇ ಹೇಳಿದ್ದ ರೋಗದ ಆರಂಭದ ಹಂತವಷ್ಟೇ ಎಂಬುದು ಹಲವರ ವಾದ. 1931ರಲ್ಲಿ ಅಮೆರಿಕದ ಅಲೆನ್ ಗ್ರಹಾಂ ಎರಡೂ ಬೇರೆ ಬೇರೆ ಎಂದು ಹಶಿಮೊಟೊ ಪರ ನಿಂತರು. ಕಾರಣ ತಿಳಿದದ್ದು ಇನ್ನೂ ತಡವಾಗಿ. ಲಂಡನ್ನಿನ ಡೋನಿಯಾಕ್, ರಾಯಿಟ್ ಮತ್ತವರ ಜೊತೆಗಾರರು 1956ರಲ್ಲಿ ಈ ರೋಗಿಗಳ ರಕ್ತದಲ್ಲಿ ಅವರದೇ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಕಂಡರು. ಅಂದರೆ ಕಾವಲಿಗಿದ್ದ ಪಡೆಯೇ ಮನೆಯವರ ಮೇಲೆ ಕೈಮಾಡಿದಂತೆ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಮಾಡುತ್ತಿತ್ತು.

ಇದು ವಂಶದಲ್ಲಿ ಹರಿದು ಬರುವುದುಂಟು, ಹೆಂಗಸರಲ್ಲಿ ಬಹಳ ಹೆಚ್ಚು. ಹೆರಿಗೆಯಾದ ಮೊದಲ ವರ್ಷದಲ್ಲೂ ಥೈರಾಯ್ಡ್ ಉರಿಯೂತ ಕಾಣಿಸಿಕೊಳ್ಳಬಹುದು. ಬಾಣಂತಿಯ ಸುಸ್ತನ್ನು ಸೋಮಾರಿತನ ಎನ್ನುವ ಹಿರಿಯರು ಇದನ್ನು ಸ್ವಲ್ಪ ಗಮನಿಸಬೇಕು. ವೈರಸ್ ಜ್ವರ ಬಂದುಹೋದ ಮೇಲೆ ಕುತ್ತಿಗೆಯ ಮುಂಭಾಗ ಮುಟ್ಟಿದರೆ ನೋಯುವ ಉರಿಯೂತ ಇನ್ನೊಂದು ಬಗೆ. ಅದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಹೃದಯಕ್ಕೆ ಕೊಡುವ ಅಮಿಯೊಡರೋನ್, ಮನೋರೋಗಕ್ಕೆ ಕೊಡುವ ಲಿಥಿಯಂ ಕೂಡ ಕೆಲವರಲ್ಲಿ ಕಾರಣವಾಗುತ್ತವೆ.

ಕುತ್ತಿಗೆ ಊದಿದರೆ ಉಪ್ಪು ಸಾಲದೆಂಬ ಮಾತು ನಮ್ಮಲ್ಲಿ ಇನ್ನೂ ಇದೆ. ಅಯೋಡಿನ್ ಕೊರತೆಯ ಗಳಗಂಡಕ್ಕೆ ಅದು ನಿಜ. ಆದರೆ 2006ರಿಂದ ದೇಶದಲ್ಲಿ ಊಟಕ್ಕೆ ಅಯೋಡಿನ್ ಇಲ್ಲದ ಉಪ್ಪು ಮಾರುವಂತಿಲ್ಲ. ಹಶಿಮೊಟೊ ರೋಗಕ್ಕೆ ಹೆಚ್ಚು ಉಪ್ಪು ಮದ್ದಲ್ಲ. ಅಯೋಡಿನ್ ಅತಿಯಾದರೆ ಈ ಪ್ರವೃತ್ತಿ ಇರುವವರಲ್ಲಿ ಅದು ಕೆರಳಲೂಬಹುದು. ಹಾಗೆಂದು ಅಡುಗೆಯ ಅಯೋಡಿನ್ ಉಪ್ಪು ಬಿಡಬೇಕಿಲ್ಲ. ಡಾಕ್ಟರನ್ನು ಕೇಳದೆ ಮಾತ್ರೆಯನ್ನಂತೂ ನಿಲ್ಲಿಸಲೇಬಾರದು. ಸುಸ್ತು, ಚಳಿ ತಡೆಯದಿರುವುದು, ಮೈ ಬರುವುದು, ಕೂದಲು ಉದುರುವುದು ಬಹುದಿನ ಇದ್ದರೆ ಟಿಎಸ್‌ಎಚ್ ರಕ್ತಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಈಗಾಗಲೇ ಥೈರಾಯ್ಡ್ ಇದ್ದರೆ ಅದನ್ನೂ ಅವರಿಗೆ ಹೇಳಿ.