ಹೆನ್ರಿ ಫಾಸೆಟ್ (1833–1884)

ಬ್ರಿಟನ್ನಿನ ಸಂಸತ್ ಸದಸ್ಯರೂ ಅಂಚೆ ಇಲಾಖೆಯ ಮುಖ್ಯಸ್ಥರೂ ಆಗಿದ್ದ ಹೆನ್ರಿ ಫಾಸೆಟ್ ಅವರು 1833ರ ಆಗಸ್ಟ್ 26ರಂದು ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಜನಿಸಿದರು. ಕೇಂಬ್ರಿಡ್ಜ್‌ನಲ್ಲಿ ವ್ಯಾಸಂಗ ಮಾಡಿ, ವಕೀಲರಾಗಿ, ಮುಂದೆ ರಾಜಕೀಯ ಪ್ರವೇಶಿಸುವ ಉದ್ದೇಶ ಹೊಂದಿದ್ದರು. 1858ರ ಸೆಪ್ಟೆಂಬರ್‌ನಲ್ಲಿ ಬೇಟೆಗೆ ತೆರಳಿದ್ದಾಗ ತಂದೆಯವರ ಬಂದೂಕಿನಿಂದ ಆಕಸ್ಮಿಕವಾಗಿ ಹಾರಿದ ಚರೆಗಳು ಕಣ್ಣುಗಳಿಗೆ ತಗುಲಿ, ತಮ್ಮ 25ನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡರು. ಮಗನಿಗಿಂತ ತಂದೆಯೇ ಹೆಚ್ಚು ಕುಗ್ಗಿದರೆಂದು ತಿಳಿದುಬರುತ್ತದೆ.

ವಕೀಲಿ ವೃತ್ತಿಯ ಆಸೆಯನ್ನು ಬಿಟ್ಟ ಫಾಸೆಟ್ ಅವರು ರಾಜಕೀಯದ ಆಸೆಯನ್ನು ಬಿಡಲಿಲ್ಲ. 1863ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕರಾದರು. ಚುನಾವಣೆಯ ಮೊದಲ ಯತ್ನಗಳು ಫಲಿಸಲಿಲ್ಲ. 1865ರಲ್ಲಿ ಬ್ರೈಟನ್ ಕ್ಷೇತ್ರದ ಮತದಾರರು ಅವರನ್ನು ಆಯ್ಕೆ ಮಾಡಿದರು.

ಸಂಸತ್ತಿನಲ್ಲಿ ಅವರ ಹೆಚ್ಚಿನ ಶ್ರಮ ಸಂದದ್ದು ಭಾರತದ ಹಣಕಾಸಿನ ವಿಷಯಕ್ಕೆ. ವರದಿಗಳನ್ನು ಇತರರಿಂದ ಓದಿಸಿ ಕೇಳಿ, ಅಂಕಿ ಅಂಶಗಳನ್ನು ನೆನಪಿನಲ್ಲಿಟ್ಟುಕೊಂಡು ಸದನದಲ್ಲಿ ಮಂಡಿಸುತ್ತಿದ್ದರು. ಆಯವ್ಯಯ ಪತ್ರವನ್ನು ಕೈಯಲ್ಲಿ ಹಿಡಿದೂ ತಡವರಿಸುವವರುಂಟು. ಆದುದರಿಂದ ಇದು ಸಾಮಾನ್ಯ ಸಂಗತಿಯಲ್ಲ. 1867ರಲ್ಲಿ ಟರ್ಕಿಯ ಸುಲ್ತಾನರ ಗೌರವಾರ್ಥ ಲಂಡನ್ನಿನಲ್ಲಿ ನಡೆದ ನೃತ್ಯಕೂಟದ ವೆಚ್ಚವನ್ನು ಭಾರತದ ಬೊಕ್ಕಸಕ್ಕೆ ಹಾಕಿದ್ದನ್ನು ಬಲವಾಗಿ ವಿರೋಧಿಸಿದರು. 1874ರಲ್ಲಿ ಬ್ರೈಟನ್‌ನಲ್ಲಿ ಸೋತು ಹ್ಯಾಕ್ನಿ ಕ್ಷೇತ್ರದಿಂದ ಸ್ಪರ್ಧಿಸಿದಾಗ, ಅವರ ಚುನಾವಣಾ ವೆಚ್ಚಕ್ಕಾಗಿ ಭಾರತದಲ್ಲಿ ವಂತಿಗೆ ಸಂಗ್ರಹಿಸಲಾಯಿತು.

1880ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಅವರು ಫಾಸೆಟ್ ಅವರನ್ನು ಪೋಸ್ಟ್‌ಮಾಸ್ಟರ್ ಜನರಲ್ ಹುದ್ದೆಗೆ ನೇಮಿಸಿದರು. ಆದರೆ ಮಂತ್ರಿ ಸಂಪುಟದಲ್ಲಿ ಸ್ಥಾನ ನೀಡಲಿಲ್ಲ. ಅಂಧರಾದವರು ರಹಸ್ಯ ಕಾಗದಪತ್ರಗಳನ್ನು ಬೇರೊಬ್ಬರಿಂದ ಓದಿಸಬೇಕಾಗುತ್ತದೆ ಎಂಬ ಆಕ್ಷೇಪ ಕೇಳಿಬಂದಿತ್ತು. ದೇಶದ ಅತಿ ದೊಡ್ಡ ಇಲಾಖೆಗಳಲ್ಲೊಂದನ್ನು ನಡೆಸಲು ಅಡ್ಡಿಯಾಗದ ಅಂಧತ್ವ, ಸಂಪುಟದ ಬಾಗಿಲಲ್ಲಿ ಮಾತ್ರ ಅಡ್ಡಿಯಾಯಿತು.

ಅವರ ಅವಧಿಯಲ್ಲಿ ಬಡ ಸಾರ್ವಜನಿಕರಿಗೆ ಉಪಯುಕ್ತವಾದ ಹಲವು ಸೇವೆಗಳು ಜಾರಿಗೆ ಬಂದವು. ಒಂದು ಪೆನ್ನಿಯ ಅಂಚೆ ಚೀಟಿಗಳನ್ನು ನಮೂನೆಯ ಮೇಲೆ ಅಂಟಿಸಿ, 12 ಚೀಟಿಗಳಾದಾಗ ಅಂದರೆ ಒಂದು ಶಿಲ್ಲಿಂಗ್ ಆದಾಗ ಉಳಿತಾಯ ಖಾತೆಗೆ ಜಮಾ ಮಾಡಬಹುದಾಗಿತ್ತು. 1881ರ ಜನವರಿ 1ರಿಂದ ಪೋಸ್ಟಲ್ ಆರ್ಡರ್, 1883ರ ಆಗಸ್ಟ್ 1ರಿಂದ ಪಾರ್ಸೆಲ್ ಅಂಚೆ ಆರಂಭವಾದವು. ಮಹಿಳೆಯರಿಗೆ ಇಲಾಖೆಯಲ್ಲಿ ಉದ್ಯೋಗಾವಕಾಶ ಹೆಚ್ಚಿಸಲು ಅವರು ವಿಶೇಷ ಆಸಕ್ತಿ ವಹಿಸಿದರು. ಅವರ ಪತ್ನಿ ಮಿಲಿಸೆಂಟ್ ಫಾಸೆಟ್ ಅವರು ಮಹಿಳಾ ಮತದಾನ ಹಕ್ಕಿನ ಚಳವಳಿಯ ನಾಯಕಿಯಾಗಿ ಪ್ರಸಿದ್ಧರು.

ಹುದ್ದೆಯಲ್ಲಿದ್ದಾಗಲೇ 1884ರ ನವೆಂಬರ್ 6ರಂದು ಕೇಂಬ್ರಿಡ್ಜ್‌ನಲ್ಲಿ ತಮ್ಮ 51ನೆಯ ವಯಸ್ಸಿನಲ್ಲಿ ಫಾಸೆಟ್ ಅವರು ನಿಧನರಾದರು. ಅವರು ಬಯಸಿದ್ದ ಆರು ಪೆನ್ಸ್ ದರದ ತಂತಿ ಸೇವೆ 1885ರಲ್ಲಿ ಜಾರಿಗೆ ಬಂದಿತು.